ಎರಡನೇ ದಿನದ ನಾಟಕ

ಹೆಗ್ಗೋಡಿನಲ್ಲಿ ಮಳೆ ಹೊಯ್ಯುವ ಹೊತ್ತಿಗೆ ಎರಡು ನಾಟಕ ಹೊತ್ತು ಊರೂರು ಸುತ್ತುವ ನೀನಾಸಮ್ ತಿರುಗಾಟ ತಂಡದ ತಾಲೀಮು. ಅದೇ ಹೊತ್ತಿಗೆ ನಮ್ಮೂರಲ್ಲಿ ನಮ್ಮ ಐದಾರು ಜನರ ಜಗಳ. ಈ ಸಲ ಒಂದು ನಾಟಕ ತರಿಸೋದಾ, ಎರಡಾ? ನಿನ್ನೆ ಕಾಫಿಪುಡಿ ಅಂಗಡಿ ಮುಂದೆ ನಿಂತು ಮುಕ್ಕಾಲು ಗಂಟೆ ಇದೇ ಮಾತಾಯಿತು. ಅಲ್ಲಿ ನನಗೆ ಹೇಳಲು ಬಿಡಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಗೆಳೆಯರ ವಾದ ಇಷ್ಟು: "ನಗಿಸೋ ನಾಟಕ ಯಾವುದೋ ಅದನ್ನ ತಗೊಳ್ಳೋಣ ಮಾರಾಯ, ಇನ್ನೊಂದು ಯಾರಿಗೆ ಬೇಕು?" ಲೆಕ್ಕ ಹಾಕಿದರೆ ಅವರು ಹೇಳೋದು ಸರಿಯೇ. ಎರಡು ದಿನ ಅಂದರೆ ಹಾಲ್ ಬಾಡಿಗೆ ಎರಡು ದಿನದ್ದು, ಇಡೀ ತಂಡಕ್ಕೆ ಊಟ-ತಿಂಡಿ, ಮಲಗಲು ಜಾಗ. ಟಿಕೆಟ್ ಪುಸ್ತಕ ಹಿಡಿದು ಹೊರಟರೆ "ಪಾಸ್ ಇಲ್ವಾ?" ಅನ್ನುವವರೇ ಜಾಸ್ತಿ. (ಕಾರಲ್ಲಿ ಬಂದು ಪಾಸ್ ಕೇಳುವವರ ಬಗ್ಗೆ ಇನ್ನೊಂದು ದಿನ ಬರೆಯುತ್ತೇನೆ.)

ಎರಡು ವರ್ಷದ ಕೆಳಗೆ ನಾನೂ ಇದೇ ರಾಗ ಹಾಡಿದ್ದೆ. ಒಂದೇ ನಾಟಕ ತರಿಸಿದೆವು. ಹಾಲ್ ತುಂಬಿತು, ಜನ ಬಿದ್ದು ಬಿದ್ದು ನಕ್ಕರು, ಖರ್ಚು ಕಳೆದು ನಾಲ್ಕು ಕಾಸು ಉಳಿಯಿತು. ಆ ವರ್ಷ ನಾವು ಏನು ಕಳಕೊಂಡೆವು ಅಂತ ಗೊತ್ತಾಗಿದ್ದು ಹೋದ ವರ್ಷ, ಎರಡೂ ನಾಟಕ ಇಟ್ಟುಕೊಂಡಾಗ.

ಮೊದಲ ದಿನ ಒಬ್ಬ ಹುಡುಗ ರಾಜನ ಪಾರ್ಟು ಮಾಡಿದ. ಅವನು ಕತ್ತೆತ್ತಿ ನಿಂತರೆ ನಮ್ಮ ಸ್ಟೇಜೇ ಸಾಲದು ಅನ್ನಿಸುತ್ತಿತ್ತು. ಮರುದಿನ ಬೆಳಗ್ಗೆ ನಾನು ಇಡ್ಲಿ ಡಬ್ಬಿ ಹೊತ್ತು ಹೋದರೆ ರಾಜ ಲುಂಗಿ ಎತ್ತಿಕಟ್ಟಿ ಏಣಿ ಮೇಲೆ ಲೈಟು ಬಿಗಿಯುತ್ತಿದ್ದಾನೆ, ಕೆಳಗಿಂದ ರಾಣಿ ಸ್ಪಾನರ್ ಕೊಡುತ್ತಿದ್ದಾಳೆ. ಸಂಜೆಯ ನಾಟಕದಲ್ಲಿ ಅವನು ಮೂರನೇ ಸೇವಕ. ಇದ್ದದ್ದು ಒಂದೇ ಮಾತು: "ಬಂದರು, ಸ್ವಾಮಿ." ಅದನ್ನು ಬೆನ್ನು ಬಗ್ಗಿಸಿ, ಹೆದರಿ, ಅರ್ಧ ನುಂಗಿಕೊಂಡು ಹೇಳಿದ. ನನ್ನ ಪಕ್ಕ ಕೂತಿದ್ದ ಟೈಲರ್ ಅಂಗಡಿ ಅಮ್ಮ "ಇವ ನಿನ್ನೆ ರಾಜ ಆಗಿದ್ದೋನಲ್ವಾ?" ಅಂತ ನನ್ನ ತೋಳು ಚಿವುಟಿದರು. ಆಮೇಲೆ ಅವರು ಕಥೆ ನೋಡಿದ್ದು ಕಡಿಮೆ. ಯಾವ ವೇಷದೊಳಗೆ ಯಾವ ಮುಖ ಇದೆ ಅಂತ ಹುಡುಕುತ್ತಾ, ಸಿಕ್ಕಾಗೆಲ್ಲ ನನಗೆ ತಿವಿಯುತ್ತಾ ಕೂತರು.

ರೆಪರ್ಟರಿ ತಂಡ ಅಂದರೆ ಇದೇ ತಾನೇ? ನಾಟಕ ಬೇರೆ, ಜನ ಅವರೇ. ಒಂದೇ ನಾಟಕ ತರಿಸಿದ ವರ್ಷ ಆ ಅಮ್ಮನಿಗೆ ಈ ಆಟ ಸಿಕ್ಕಿರಲಿಲ್ಲ.

ಹಳೇ ನಾಟಕ ಕಂಪನಿಗಳು ಒಂದೂರಲ್ಲಿ ತಿಂಗಳುಗಟ್ಟಲೆ ಕ್ಯಾಂಪ್ ಹಾಕುತ್ತಿದ್ದವು. ನಟರು ಸಂತೆಯಲ್ಲಿ, ಹೋಟೆಲಲ್ಲಿ ಎದುರಾಗುತ್ತಿದ್ದರು, ಜನ ಅವರ ಹೆಸರು ಹೇಳಿಕೊಂಡೇ ನಾಟಕಕ್ಕೆ ಹೋಗುತ್ತಿದ್ದರು. ನೀನಾಸಮ್ ಕಟ್ಟಿ ಬೆಳೆಸಿದ ಕೆ.ವಿ. ಸುಬ್ಬಣ್ಣನವರ ಕಾಲದಲ್ಲಿ, 1985ರಲ್ಲಿ ಶುರುವಾದ ತಿರುಗಾಟದ ದಾರಿ ಬೇರೆ. ಇಂದು ಇಲ್ಲಿ, ನಾಳೆ ಗಂಟುಮೂಟೆ ಕಟ್ಟಿ ಇನ್ನೊಂದೂರು. ನಮಗೆ ಸಿಗುವುದೇ ಎರಡು ಸಂಜೆ, ಅದರಲ್ಲೂ ಒಂದನ್ನು ಬೇಡ ಅಂದರೆ ಹೇಗೆ? 1997ರಿಂದ ಓಡಾಡುತ್ತಿರುವ ಸಾಣೇಹಳ್ಳಿಯ ಶಿವಸಂಚಾರ ತಂಡದವರು ಮೂರು ನಾಟಕ ತರುತ್ತಾರೆ, ಮೂರೂ ದಿನ ಇಟ್ಟುಕೊಂಡು ಹಬ್ಬ ಮಾಡುವ ಊರುಗಳಿವೆ. ನಮಗೆ ಎರಡಕ್ಕೇ ಏದುಸಿರು.

ಎರಡನೇ ನಾಟಕ ಎಲ್ಲರಿಗೂ ಹಿಡಿಸಿತು ಅಂತ ಸುಳ್ಳು ಹೇಳಲಾರೆ. ನಡುವೆ ಎದ್ದು ಹೋದವರಿದ್ದರು. ನನಗೂ ಒಂದು ಇಪ್ಪತ್ತು ನಿಮಿಷ ತಲೆಬುಡ ತಿಳಿಯಲಿಲ್ಲ. ಕೊನೆಗೆ 4200 ರೂಪಾಯಿ ಕೈಯಿಂದ ಹೋಯಿತು, ಆರು ಜನ ಹಂಚಿಕೊಂಡೆವು. ತಲೆಗೆ 700. ಕಾಫಿಪುಡಿ ಅಂಗಡಿ ಮುಂದೆ ಗೆಳೆಯರು ಎತ್ತಿದ್ದು ಇದೇ ಲೆಕ್ಕವನ್ನು.

ನನ್ನ ಸಲಹೆ: ನಗಿಸುವ ನಾಟಕ ಎರಡನೇ ದಿನಕ್ಕಿರಲಿ. ಬಿಡಿ ಟಿಕೆಟ್ ಬೇಡ, ಎರಡೂ ದಿನದ್ದು ಸೇರಿಸಿಯೇ ಮಾರೋಣ. ಹಾಗೆಯೇ ಈ ಸಲ ಹಾಲಿನ ಫ್ಯಾನ್ ಸದ್ದು ಮೊದಲೇ ನೋಡಿಕೊಳ್ಳೋಣ. ಹೋದ ಸಲ ಸಾಯುವ ದೃಶ್ಯದುದ್ದಕ್ಕೂ ಕಿಟ್‌ಕಿಟ್ ಅನ್ನುತ್ತಿತ್ತು.

ಇವತ್ತು ಬೆಳಗ್ಗೆ ಪ್ಯಾಂಟ್ ಆಲ್ಟರ್ ಮಾಡಿಸಲು ಹೋಗಿದ್ದೆ. "ಈ ಸಲವೂ ಆ ಹುಡುಗ ಬರ್ತಾನೇನಪ್ಪಾ?" ಅಂತ ಅಮ್ಮ ಕೇಳಿದರು. ತಂಡದಲ್ಲಿ ವರ್ಷ ವರ್ಷ ಹೊಸಬರು ಬರುತ್ತಾರಮ್ಮ, ಅವನು ಇರ್ತಾನೋ ಇಲ್ಲವೋ ಅಂದೆ. ಬಾಯಲ್ಲಿದ್ದ ಸೂಜಿ ತೆಗೆದು ಒಂದು ಗಳಿಗೆ ಸುಮ್ಮನಿದ್ದರು. "ಹೋಗ್ಲಿ, ಎರಡು ದಿನಕ್ಕೂ ನಂದೊಂದು ಬರ್ಕೋ" ಅಂದರು.