ಗಟ್ಟಿ ಬಣ್ಣದವರ ಬಾಟಲಿ ಭಜನೆ

ಕಪ್ಪು ಕಾರಿನ ಬಾನೆಟ್ ಮೇಲೆ ಟಾರ್ಚ್ ಬಿಟ್ಟು ನೋಡಿ. ಬೆಳಕಿನ ಸುತ್ತ ಜೇಡರ ಬಲೆ ಹೆಣೆದ ಹಾಗೆ ಸಣ್ಣ ಸಣ್ಣ ಗೀರುಗಳು ಎದ್ದು ಕಾಣುತ್ತವೆ. ಟಾರ್ಚ್ ಸರಿಸಿದರೆ ಬಲೆಯೂ ಜೊತೆಯಲ್ಲೇ ಸರಿಯುತ್ತದೆ. ಈ ಗೀರುಗಳಲ್ಲಿ ಬಹುಪಾಲು ದುಂಡಗಿರುವುದೇ ಇಲ್ಲ. ಎಲ್ಲ ದಿಕ್ಕಿಗೂ ಅಡ್ಡಾದಿಡ್ಡಿ ಬಿದ್ದಿರುತ್ತವೆ. ಬೆಳಕಿಗೆ ಅಡ್ಡವಾಗಿ ಇರುವಂಥವು ಮಾತ್ರ ಮಿನುಗಿ, ಕಣ್ಣಿಗೆ ಸುತ್ತು ಸುತ್ತಾಗಿ ಕಾಣಿಸುತ್ತವೆ. ಸ್ವರ್ಲ್ ಮಾರ್ಕ್ ಅಂದರೆ ಇದೇ. ಇದನ್ನು ಕಂಡ ಯಜಮಾನರು ನಾಚಿಕೊಳ್ಳಬೇಕು ತಾನೆ? ಇಲ್ಲ, ಎದೆ ಉಬ್ಬಿಸುತ್ತಾರೆ. ‘ನಮ್ದು ಹಾರ್ಡ್ ಪೇಂಟ್ ಸಾರ್. ಮಾಮೂಲಿ ಪಾಲಿಶ್‌ಗೆಲ್ಲ ಬಗ್ಗೋದಿಲ್ಲ.’

ಯಾವುದಕ್ಕೂ ಬಗ್ಗದ ಬಣ್ಣ ಧೂಳು ಒರೆಸೋ ಬಟ್ಟೆಗೆ ಹೇಗೆ ಬಗ್ಗಿತು ಅಂತ ಮಾತ್ರ ಕೇಳಬಾರದು.

ಬಣ್ಣ ಗಟ್ಟಿಯೋ ಮೆತ್ತಗೋ ಅಂತ ತಿಳಿಯುವ ವಿಧಾನ ಸರಳ: ಬಾನೆಟ್ ತುದಿಯ ಲೋಗೋ ನೋಡುವುದು. ಜರ್ಮನಿಯದಾದರೆ ಗಟ್ಟಿ, ಜಪಾನಿನದಾದರೆ ಮೆತ್ತಗೆ. ಹುಟ್ಟಿದ ಊರು ಕೇಳಿ ಗುಣ ಹೇಳುವ ಈ ಜಾತಕ ಪೂರ್ತಿ ಸುಳ್ಳೂ ಅಲ್ಲ. 2003ರಲ್ಲಿ ಮರ್ಸಿಡಿಸ್‌ನವರು ನ್ಯಾನೋ ಕಣಗಳಿರುವ ಕ್ಲಿಯರ್ ಕೋಟ್ (ಬಣ್ಣದ ಮೇಲೆ ಬಳಿಯುವ ಪಾರದರ್ಶಕ ಪದರ) ತಂದರು. ಅದು ಪಾಲಿಶ್ ಮೆಷಿನ್ನಿನ ಪ್ಯಾಡ್ ಹಿಡಿದವರ ಬೆವರಿಳಿಸಿದ್ದು ನಿಜವೇ. ಆದರೆ ಅದೇ ಕಾರಿನ ಬಾಗಿಲಿಗೆ ಎಲ್ಲೋ ತಾಗಿ ಗ್ಯಾರೇಜಿನಲ್ಲಿ ಮತ್ತೆ ಬಣ್ಣ ಹೊಡೆಸಿದ್ದರೆ ಆ ಬಾಗಿಲಿನ ಕ್ಲಿಯರ್ ಕೋಟ್ ಬೇರೆಯದೇ. ಲೋಗೋ ಜರ್ಮನಿಯದು, ಬಾಗಿಲು ಬೆಣ್ಣೆ. ಬಾನೆಟ್ಟಿಗೆ ಸರಿಹೋದ ಕಾಂಪೌಂಡನ್ನು (ಹೆಚ್ಚು ಕೊರೆಯುವ ಪಾಲಿಶ್) ಅಲ್ಲಿಗೂ ಒತ್ತಿದರೆ ಗೀರು ಹೋಗಿ ಮಂಜು ಕವಿಯುತ್ತದೆ. ಆಗ ಬೈಗುಳ ಪಾಲಿಶ್ ಬಾಟಲಿಗೆ.

ಇನ್ನು ಬಾಟಲಿಗೆ ಬರೋಣ. ಪ್ರತಿ ಬಾಟಲಿಯ ಬೆನ್ನ ಮೇಲೂ ಅಂಕಪಟ್ಟಿ ಇರುತ್ತದೆ: ಕಟ್ (ಕೊರೆತ) 8, ಗ್ಲಾಸ್ (ಹೊಳಪು) 9. ಹತ್ತಕ್ಕೆ ಎಂಟು ಕೊಟ್ಟವರು ಯಾರು? ಬಾಟಲಿ ಮಾಡಿದವರೇ. ಪ್ರಶ್ನೆಪತ್ರಿಕೆ ಅವರದು, ಉತ್ತರಪತ್ರಿಕೆ ಅವರದು, ಮೌಲ್ಯಮಾಪನವೂ ಅವರದು. ಎಲ್ಲರಿಗೂ ಒಂದೇ ಅಳತೆಗೋಲು ಅಂತ ಇಲ್ಲದಿರುವುದರಿಂದ ಒಬ್ಬರ 8 ಇನ್ನೊಬ್ಬರ 5 ಆಗಿರಬಹುದು. ಕೊಂಚ ಉಪಯೋಗಕ್ಕೆ ಬರುವ ಮಾತೆಂದರೆ ‘ಪಿ1500 ಸ್ಯಾಂಡ್‌ಪೇಪರಿನ ಗುರುತು ತೆಗೆಯುತ್ತದೆ’ ಅನ್ನೋದು. ಹಾಗೆ ಬರೆದಿದ್ದರೆ ಅದು ಕೊರೆಯುವ ಕಾಂಪೌಂಡ್. ಬರೀ ‘ಅಲ್ಟ್ರಾ’, ‘ಮಿರರ್’, ‘ಮ್ಯಾಜಿಕ್’ ಅಂತಿದ್ದರೆ ಅದು ಸುವಾಸನೆಯ ಎಣ್ಣೆ ಇದ್ದರೂ ಇರಬಹುದು. ಎಣ್ಣೆ ಗೀರಿನೊಳಗೆ ಕೂತು ಹೊಳೆಯುತ್ತದೆ, ನಾಲ್ಕು ಸಲ ತೊಳೆದರೆ ಹರಿದು ಹೋಗುತ್ತದೆ, ಗೀರು ಮಾತ್ರ ಇದ್ದಲ್ಲೇ ಇರುತ್ತದೆ.

ಇದಕ್ಕೂ ಮಿಗಿಲಾದ ತಮಾಷೆ ‘9ಎಚ್’. ಬಣ್ಣಕ್ಕೆ ರಕ್ಷಣೆಯೆಂದು ಬಳಿಯುವ ಸೆರಾಮಿಕ್ ಕೋಟಿಂಗ್ ಮಾರುವವರ ತಾರಕ ಮಂತ್ರ. ‘9ಎಚ್ ಸಾರ್, ವಜ್ರಕ್ಕಿಂತ ಒಂದೇ ಮೆಟ್ಟಿಲು ಕೆಳಗೆ.’ ವಜ್ರ 10 ಅನ್ನೋದು ಖನಿಜಗಳನ್ನು ಅಳೆಯುವ ಮೋಸ್ ಪಟ್ಟಿಯಲ್ಲಿ. 9ಎಚ್ ಇರುವುದು ಪೆನ್ಸಿಲ್ ಪಟ್ಟಿಯಲ್ಲಿ. ಹೌದು, ಡ್ರಾಯಿಂಗ್ ಕ್ಲಾಸಿನ ಪೆನ್ಸಿಲ್ಲೇ! ಬೇರೆ ಬೇರೆ ಪೆನ್ಸಿಲ್ಲನ್ನು ಕೋಟಿಂಗ್ ಮೇಲೆ ತಳ್ಳಿ ಯಾವುದಕ್ಕೆ ಗೀರು ಬೀಳುತ್ತದೆ ಅಂತ ನೋಡುವ ಪರೀಕ್ಷೆ ಅದು. 9ಎಚ್ ಅನ್ನೋದು ಗಟ್ಟಿ ಪೆನ್ಸಿಲ್ಲಿನ ಗ್ರಾಫೈಟಿಗೆ ಮಣಿಯಲಿಲ್ಲ ಅಂತ ಅಷ್ಟೇ. ಮೋಸ್ ಪಟ್ಟಿಯ ಅಸಲಿ 9 ಕೊರಂಡಮ್, ಅಂದರೆ ಅಲ್ಯೂಮಿನಿಯಂ ಆಕ್ಸೈಡ್. ಅದು ಎಲ್ಲಿದೆ ಗೊತ್ತೇ? ಪಾಲಿಶ್ ಬಾಟಲಿಯೊಳಗೆ. ಗೀರು ತೆಗೆಯಲು ಉಜ್ಜುವ ಪುಡಿ ಸಾಮಾನ್ಯವಾಗಿ ಅದೇ.

ಹಾಗಾಗಿ ಜಗತ್ತಿನ ಯಾವ ಕಾರಿನ ಕ್ಲಿಯರ್ ಕೋಟೂ ಆ ಪುಡಿಗಿಂತ ಗಟ್ಟಿಯಲ್ಲ. ಪುಡಿಯನ್ನು ಬಣ್ಣಕ್ಕೆ ಒತ್ತಿ ಹಿಡಿಯುವವರು ಯಾರು ಅನ್ನೋದೇ ಪ್ರಶ್ನೆ. ಒತ್ತಿ ಹಿಡಿಯುವುದು ಪ್ಯಾಡ್. ಮೆತ್ತನೆ ಫೋಮ್ ಪ್ಯಾಡಿಗೆ ಎಂಥ ಉಗ್ರ ಕಾಂಪೌಂಡ್ ಸುರಿದರೂ ಗಟ್ಟಿ ಬಣ್ಣದ ಮೇಲೆ ಅದು ಸವರಿಕೊಂಡು ಹೋಗುತ್ತದೆ. ಅದೇ ಕಾಂಪೌಂಡ್ ಮೈಕ್ರೋಫೈಬರ್ ಕಟಿಂಗ್ ಪ್ಯಾಡಿಗೋ ಉಣ್ಣೆಯ ಪ್ಯಾಡಿಗೋ ಹೋದರೆ ಪ್ರತಿ ಎಳೆಯೂ ಪುಡಿಯನ್ನು ಹಿಡಿದು ಎಳೆಯುತ್ತದೆ, ಗೀರು ಕರಗುತ್ತದೆ. ಆದರೆ ಪ್ಯಾಡಿಗೆ ಬಣ್ಣಬಣ್ಣದ ಲೇಬಲ್ ಇಲ್ಲ, ಅಂಕಪಟ್ಟಿಯೂ ಇಲ್ಲ. ಪಾಪ, ಅದನ್ನು ಯಾರು ಕೇಳಬೇಕು?

ಹತ್ತು ನಿಮಿಷದಲ್ಲಿ ಮುಗಿಯುವ ಪರೀಕ್ಷೆಯೊಂದಿದೆ. ಹತ್ತು ದಿನ ಬಾಟಲಿ ಬಗ್ಗೆ ವಾದ ಮಾಡುವವರು ಇದನ್ನು ಮಾಡುವುದಿಲ್ಲ. ಕಾರು ತೊಳೆದು, ಅಂಟಿದ ಕೊಳೆ ಕೀಳುವ ಜೇಡಿಮಣ್ಣಿನಂಥ ಕ್ಲೇ ಬಾರ್ ಎಳೆದು, ಬಾನೆಟ್ಟಿನ ನಡುವೆ ಒಂದೂವರೆ ಅಡಿ ಚೌಕಕ್ಕೆ ಟೇಪ್ ಅಂಟಿಸಿ. ಲೋಹ ತಣ್ಣಗಿರಬೇಕು, ಬಿಸಿಲಲ್ಲಿ ಕಾದಿದ್ದರೆ ಪಾಲಿಶ್ ಕೆಲಸ ಶುರುವಾಗುವ ಮೊದಲೇ ಒಣಗಿ ಪುಡಿಪುಡಿಯಾಗುತ್ತದೆ. ಹೊಸ ಪ್ಯಾಡಿನ ಮುಖಕ್ಕೆಲ್ಲ ಮೊದಲು ತೆಳುವಾಗಿ ಪಾಲಿಶ್ ಸವರಿ, ಆಮೇಲೆ ಬಟಾಣಿ ಗಾತ್ರದ ನಾಲ್ಕು ಹನಿ ಸಾಕು. ಡಿಎ ಮೆಷಿನ್ನನ್ನು (ಸುತ್ತುತ್ತಲೇ ಓಲಾಡುವ ‘ಡ್ಯುಯಲ್ ಆಕ್ಷನ್’ ಪಾಲಿಶರ್) ವೇಗ 1ರಲ್ಲಿಟ್ಟು ಹರಡಿ, 4–5ಕ್ಕೆ ಏರಿಸಿ. ಕೈ ಸೆಕೆಂಡಿಗೆ ಎರಡು–ಮೂರು ಸೆಂಟಿಮೀಟರ್ ಮಾತ್ರ ಸರಿಯಬೇಕು. ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ, ಹಿಂದಿನ ಸಾಲಿನ ಅರ್ಧ ಮುಚ್ಚುವಂತೆ, ಹೀಗೆ ನಾಲ್ಕರಿಂದ ಆರು ಸುತ್ತು. ಮುಗಿದ ಮೇಲೆ ನೂರಕ್ಕೆ 15ರಿಂದ 20 ಪಾಲು ಐಸೋಪ್ರೊಪೈಲ್ ಆಲ್ಕೋಹಾಲಿಗೆ ಉಳಿದಷ್ಟು ನೀರು ಬೆರೆಸಿ ಎಣ್ಣೆ ಒರೆಸಿ, ಟಾರ್ಚ್ ಬಿಡಿ. ಆಲ್ಕೋಹಾಲ್ ಹಾಕದೆ ನೋಡಿದವರಿಗೆ ಎಲ್ಲ ಪಾಲಿಶೂ ಚೆನ್ನಾಗಿಯೇ ಕಾಣುತ್ತದೆ.

ಶುರು ಮಾಡುವಾಗ ಸೌಮ್ಯವಾದ ಜೋಡಿ: ಮಧ್ಯಮ ಫೋಮ್, ಮಧ್ಯಮ ಪಾಲಿಶ್. ಗೀರು ಹೋಗಲಿಲ್ಲವೇ? ಬಾಟಲಿ ಮುಟ್ಟಬೇಡಿ, ಪ್ಯಾಡ್ ಬದಲಿಸಿ. ಅದಕ್ಕೂ ಹೋಗಲಿಲ್ಲವೆಂದರೆ ಆಗ ಕಾಂಪೌಂಡ್. ನಿಜಕ್ಕೂ ಗಟ್ಟಿಯಾದ ಬಣ್ಣಕ್ಕೆ ಬಹುತೇಕ ಮೈಕ್ರೋಫೈಬರ್ ಪ್ಯಾಡ್ ಮತ್ತು ಕಾಂಪೌಂಡಿನ ಜೋಡಿಯಲ್ಲೇ ಮಾತು ಮುಗಿಯುತ್ತದೆ. ಉಣ್ಣೆಯವರೆಗೂ ಹೋದಿರೆಂದರೆ ಅದು ಬಿಟ್ಟ ಮಂಜನ್ನು ತೀರಾ ನಯವಾದ ಫಿನಿಶಿಂಗ್ ಪಾಲಿಶ್ ಒಂದೇ ಏಟಿಗೆ ತೆಗೆಯಲಾರದು. ನಡುವೆ ಇನ್ನೊಂದು ಮೆಟ್ಟಿಲು ಬೇಕು. ಗಟ್ಟಿ ಬಣ್ಣ ಕೊರೆಯಲು ಸತಾಯಿಸುತ್ತದೆ, ಹೊಳಪಿಗೆ ಬೇಗ ಒಲಿಯುತ್ತದೆ. ಮೆತ್ತನೆಯದು ಇದಕ್ಕೆ ತದ್ವಿರುದ್ಧ.

ಆದರೂ ಹೋಗಲಿಲ್ಲ ಅನ್ನುವವರು ಒಂದು ಕೆಲಸ ಮಾಡಲಿ. ಪ್ಯಾಡ್ ಅಂಟಿಸುವ ಬ್ಯಾಕಿಂಗ್ ಪ್ಲೇಟಿನ ಅಂಚಿಗೆ ಮಾರ್ಕರ್ ಪೆನ್ನಿನಿಂದ ಒಂದು ಕಪ್ಪು ಗೆರೆ ಎಳೆಯಲಿ. ಕೆಲಸ ಮಾಡುವಾಗ ಆ ಗೆರೆ ಸುತ್ತುತ್ತಿದೆಯೇ, ಇಲ್ಲ ನಿಂತಲ್ಲೇ ನಡುಗುತ್ತಿದೆಯೇ? ಹಠ ಹಿಡಿದು ಒತ್ತಿದರೆ, ಮೆಷಿನ್ ಓರೆಯಾದರೆ, ಬಾನೆಟ್ಟಿನ ಉಬ್ಬಿನ ಮೇಲೆ ಹೋದರೆ ಡಿಎ ಪ್ಯಾಡ್ ಸುತ್ತುವುದನ್ನು ನಿಲ್ಲಿಸಿಬಿಡುತ್ತದೆ. 21 ಮಿಲಿಮೀಟರ್ ಥ್ರೋ (ಓಲಾಟದ ಅಗಲ) ಇರುವ ಮೆಷಿನ್ನುಗಳಿಗಂತೂ ಉಬ್ಬು ಕಂಡರೆ ಆಗದು. ಸದ್ದು ಅಷ್ಟೇ ಇರುತ್ತದೆ, ಕೈ ಅಷ್ಟೇ ನೋಯುತ್ತದೆ, ಕೊರೆತ ಮಾತ್ರ ಬಹುತೇಕ ಸೊನ್ನೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ಕುಣಿಯದಿದ್ದದ್ದು ಪ್ಯಾಡ್, ಡೊಂಕು ಅನ್ನಿಸಿಕೊಂಡಿದ್ದು ಪಾಲಿಶ್.

ಇನ್ನೊಂದು ಪಂಥದವರಿದ್ದಾರೆ. ಗಟ್ಟಿ ಬಣ್ಣ ತಾನೆ, ಓಲಾಡದೆ ಬರೀ ಸುತ್ತುವ ರೋಟರಿ ಮೆಷಿನ್ನಿನಲ್ಲಿ ಎಷ್ಟು ಉಜ್ಜಿದರೇನು ಅನ್ನುವವರು. ಗಟ್ಟಿ ಅಂದರೆ ದಪ್ಪ ಅಂತ ಅರ್ಥವಲ್ಲ ಸ್ವಾಮಿ. ಕ್ಲಿಯರ್ ಕೋಟ್ ಸಾಮಾನ್ಯವಾಗಿ 35ರಿಂದ 50 ಮೈಕ್ರಾನ್, ತಲೆಗೂದಲಿಗಿಂತ ತೆಳು. ಬಾಗಿಲಿನ ಅಂಚು, ಬಾನೆಟ್ಟಿನ ಗೆರೆಗಳ ಮೇಲೆ ಇನ್ನೂ ತೆಳು. ಅಲ್ಲಿ ಟೇಪ್ ಹಾಕದೆ ರೋಟರಿ ಆಡಿಸಿದರೆ ಕ್ಲಿಯರ್ ಹೋಗಿ ಬಣ್ಣ, ಬಣ್ಣ ಹೋಗಿ ಪ್ರೈಮರ್. ಕೈಯಲ್ಲಿ ಬಣ್ಣದ ದಪ್ಪ ಅಳೆಯುವ ಮೀಟರ್ ಇದೆ ಅಂತ ಬೀಗುವವರಿಗೆ ಒಂದು ಮಾತು: ಮಾಮೂಲಿ ಮೀಟರ್ ಅಳೆಯುವುದು ಪ್ರೈಮರ್, ಬಣ್ಣ, ಕ್ಲಿಯರ್ ಮೂರನ್ನೂ ಕೂಡಿಸಿ. 120 ಅಂತ ತೋರಿಸಿದರೆ ಅದರಲ್ಲಿ ಕ್ಲಿಯರ್ ಎಷ್ಟು ಅಂತ ಹೇಳದು. ಪ್ಲಾಸ್ಟಿಕ್ ಬಂಪರಿನ ಮೇಲೆ ಇಟ್ಟರೆ ಬಾಯೇ ಬಿಡುವುದಿಲ್ಲ. ಕಪ್ಪು ಕಾರಿನ ಪ್ಯಾಡಿಗೆ ಕಪ್ಪು ಮೆತ್ತಿಕೊಳ್ಳತೊಡಗಿದರೆ ಮಾತ್ರ ಮೆಷಿನ್ ಕೆಳಗಿಡಿ: ಒಂದೋ ಆ ಕಾರಿಗೆ ಮೊದಲಿಂದಲೂ ಕ್ಲಿಯರ್ ಇರಲಿಲ್ಲ, ಇಲ್ಲವೇ ಈಗ ಇಲ್ಲ.

ಶೆಲ್ಫಿನ ಮೇಲೆ ಎಂಟು ಬಾಟಲಿ ಸಾಲಾಗಿ ನಿಂತಿವೆ. ಎಲ್ಲವೂ ಮುಕ್ಕಾಲು ತುಂಬಿದಂತೆಯೇ ಇವೆ. ಪಕ್ಕದ ಮೊಳೆಗೆ ಒಂದು ಕಿತ್ತಳೆ ಫೋಮ್ ಪ್ಯಾಡ್ ನೇತಾಡುತ್ತಿದೆ. ಎಂಟೂ ಬಾಟಲಿಯ ಒಣಗಿದ ಪಾಲಿಶ್ ಕುಡಿದು ಹಲಗೆಯಂತಾಗಿದೆ.

‘ಗುರೂ, ಎಂಟೂ ಹಾಕಿ ನೋಡ್ದೆ, ಗೀರು ಹೋಗ್ಲಿಲ್ಲ. ಒಂಬತ್ತನೇದು ಯಾವ್ದು ತಗೊಳ್ಲಿ?’

‘ಪ್ಯಾಡ್ ಎಷ್ಟಿವೆ ನಿನ್ ಹತ್ರ?’

‘ಮೆಷಿನ್ ಜೊತೆ ಒಂದು ಬಂದಿತ್ತಲ್ಲ, ಅದೇ.’