ಕ್ಲಬ್ಬಿನ ದೋಣಿ, ಅಂಬಿಗನ ಜೋಳ

ಕಲಬುರಗಿಯಲ್ಲಿದ್ದುಕೊಂಡು ಸ್ವಂತ ದೋಣಿ ಕೊಳ್ಳುವ ಯೋಚನೆ ಮಾಡುವವರು ಕಡಿಮೆ. ನಮಗೆ ಬೋಟಿಂಗ್ ಅಂದರೆ ಊರಿನ 'ಅಪ್ಪನ ಕೆರೆ'ಯಲ್ಲಿ ಪೆಡಲ್ ತುಳಿದು, ಮೊಣಕಾಲು ಹಿಡಿದುಕೊಂಡು ಇಳಿಯುವುದು. ಇನ್ನೊಂದು ಬಗೆಯ ಬೋಟು ಬರುವುದು ಭೀಮಾ ನದಿ ಉಕ್ಕಿ ಊರೊಳಗೆ ಬಂದಾಗ. 2020ರ ಅಕ್ಟೋಬರಿನಲ್ಲಿ ಬಂದಿತ್ತಲ್ಲ, ಹಾಗೆ. ಅದನ್ನು ಹತ್ತುವವರಿಗೆ ಮೋಜಿನ ಮಾತೇ ಇಲ್ಲ ಬಿಡಿ.

ಇಂಥ ಊರಲ್ಲಿ ಕೂತು ನಾನು ಬೋಟ್ ಕ್ಲಬ್ಬಿನ ವಿಚಾರ ತಲೆಗೆ ಹಚ್ಚಿಕೊಂಡದ್ದಕ್ಕೆ ಫ್ಲಾರಿಡಾದಲ್ಲಿರುವ ನಮ್ಮ ಅಕ್ಕನ ಮಗ ಕಾರಣ. ಜೇವರ್ಗಿ ಕಡೆಯ ತೊಗರಿ ಹೊಲದಲ್ಲಿ ಆಡಿ ಬೆಳೆದ ಹುಡುಗ. ಈಗ ವಿಡಿಯೋ ಕಾಲ್ ಮಾಡಿದರೆ ಹಿಂದೆಲ್ಲ ನೀಲಿ ನೀರು.

"ಬೋಟ್ ತಗೊಂಡ್ಯೇನೋ?" ಅಂದೆ.

"ಇಲ್ಲ ಮಾಮಾ, ಕ್ಲಬ್ಬಿಂದು. ತಗೊಂಡವರು ಎರಡೇ ದಿನ ಖುಷಿಯಾಗಿರ್ತಾರಂತ ಇಲ್ಲಿ ಹೇಳ್ತಾರ. ತಗೊಂಡ ದಿನ, ಮತ್ತ ಮಾರಿದ ದಿನ."

ಅವನು ಬಿಡಿಸಿ ಹೇಳಿದ ಮೇಲೆ ಆ ಮಾತಿನ ಹಿಂದಿನ ಸಂಕಟ ತಿಳಿಯಿತು. ಸಮುದ್ರದ ಉಪ್ಪುನೀರು ಇಂಜಿನ್ ತಿಂದುಹಾಕುತ್ತದೆ. ಪ್ರತಿ ಸಲ ಹೋಗಿ ಬಂದ ಮೇಲೆ ಸಿಹಿನೀರು ಹಾಯಿಸಿ ತೊಳೆಯಬೇಕು. ನೀರಲ್ಲೇ ನಿಲ್ಲಿಸಿದರೆ ತಳಕ್ಕೆ ಬಾರ್ನಕಲ್ ಎಂಬ ಚಿಪ್ಪಿನ ಜೀವಿಗಳು ಕಚ್ಚಿಕೊಂಡು ಕೂಡುತ್ತವೆ. ಕೆರೆದು ತೆಗೆಯಬೇಕು, ಅವು ಹತ್ತದ ಹಾಗೆ ಬೇರೆಯೇ ಬಣ್ಣ ಬಳಿಯಬೇಕು. ನಿಲ್ಲಿಸುವ ಜಾಗಕ್ಕೆ ಬಾಡಿಗೆ, ಮೇಲೆ ವಿಮೆ. ಜೂನ್‌ನಿಂದ ನವೆಂಬರ್ ತನಕ ಚಂಡಮಾರುತದ ಚಿಂತೆ ಬೇರೆ. ಇಷ್ಟೆಲ್ಲ ಮಾಡಿದವನು ನೀರಿಗೆ ಇಳಿಯುವುದು ಯಾವಾಗ?

ಕ್ಲಬ್ಬಿನಲ್ಲಿ ಹಾಗಲ್ಲ. ಸೇರುವಾಗ ಒಂದು ಗಂಟು, ಆಮೇಲೆ ತಿಂಗಳು ತಿಂಗಳು ವಂತಿಗೆ. ಮೊಬೈಲಿನಲ್ಲಿ ದಿನ ಗೊತ್ತು ಮಾಡಿಕೊಂಡು ಹೋದರೆ ಬೋಟು ತೊಳೆದು ತಯಾರು. ತಿರುಗಾಡಿ ಬಂದು, ಎಣ್ಣೆಯ ದುಡ್ಡು ಕೊಟ್ಟು, ಕೀಲಿ ಅವರ ಕೈಗಿಟ್ಟು ಮನೆಗೆ ಹೋಗುವುದು. ಈ ಪೈಕಿ ಹೆಸರಾದ ಫ್ರೀಡಂ ಬೋಟ್ ಕ್ಲಬ್ 1989ರಲ್ಲಿ ಅದೇ ಫ್ಲಾರಿಡಾದ ಸರಸೋಟಾದಲ್ಲಿ ಶುರುವಾಯಿತಂತೆ. 2019ರಲ್ಲಿ ಅದನ್ನು ಕೊಂಡದ್ದು ಬ್ರನ್ಸ್‌ವಿಕ್, ಅಂದರೆ ಬೋಟು ತಯಾರಿಸಿ ಮಾರುವ ಕಂಪನಿಯೇ! ಕೊಳ್ಳದವರನ್ನೂ ಬಿಡಬಾರದು, ಅಲ್ವಾ?

ಹಾಗಂತ ಯಾರು ಬೇಕಾದರೂ ಬೋಟು ಒಯ್ಯುವಂತಿಲ್ಲ. 1988ರ ಜನವರಿ 1ರಿಂದ ಈಚೆಗೆ ಹುಟ್ಟಿದವರು ಅಲ್ಲಿ 10 ಅಶ್ವಶಕ್ತಿ ಅಥವಾ ಅದಕ್ಕಿಂತ ದೊಡ್ಡ ಮೋಟಾರಿನ ದೋಣಿ ನಡೆಸಬೇಕಾದರೆ ಸುರಕ್ಷತೆಯ ಪಾಠ ಮುಗಿಸಿರಬೇಕು. ನಮ್ಮ ಹುಡುಗನೂ ಕೂತು ಓದಿದ್ದಾನೆ. ಶಾಲೆಯಲ್ಲಿ ಇಷ್ಟು ಓದಿದ್ದು ನಾನು ಕಾಣೆ.

ಕೇಳ್ತಾ ಕೇಳ್ತಾ ನನಗೆ ಭೀಮಾ ದಂಡೆಯ ಅಂಬಿಗರು ನೆನಪಾದರು. ಸೇತುವೆಗಳು ಬರುವ ಮುಂಚೆ ಅವರಿಗೂ ವರ್ಷದ ಆಯ ಇತ್ತೆಂದು ಹಿರಿಯರು ಹೇಳುತ್ತಿದ್ದರು. ಸುಗ್ಗಿಯಲ್ಲಿ ಕಣಕ್ಕೆ ಬಂದ ಅಂಬಿಗನಿಗೆ ಜೋಳ ಅಳೆದು ಕೊಟ್ಟರೆ ಮುಗಿಯಿತು, ಆ ಮನೆಯವರು ವರ್ಷವಿಡೀ ದಾಟಬಹುದು. ಪ್ರತಿ ಸಲ ಕಾಸು ಕೇಳುತ್ತಿರಲಿಲ್ಲ. ಹರಿಗೋಲಿನ ಚಾಕರಿಯೆಲ್ಲ ಅವನದೇ. ಬಿದಿರು ಹೆಣೆದು, ಅದಕ್ಕೆ ತೊಗಲು ಹೊದಿಸಬೇಕು. ಈಚೆಗೆ ಕೃಷ್ಣಾ ಕಡೆ ತೊಗಲಿನ ಬದಲು ಪ್ಲಾಸ್ಟಿಕ್ ಹಾಳೆ ಹಾಕಿ ಡಾಂಬರು ಬಳಿಯುತ್ತಾರೆ. ದಂಡೆಯ ಮೇಲೆ ಬೋರಲು ಹಾಕಿದ ಹರಿಗೋಲಿನ ಹತ್ತಿರ ಹೋದರೆ ಬಿಸಿಲಿಗೆ ಡಾಂಬರು ಕರಗಿ ಬೆರಳಿಗೆ ಅಂಟುತ್ತದೆ. ಎಲ್ಲಿ ಸೀಳು ಬಿಟ್ಟಿದೆ, ಎಲ್ಲಿ ತೇಪೆ ಹಾಕಬೇಕು ಎಂಬುದು ಅಂಬಿಗನ ತಲೆನೋವು. ನಾವು ಬುತ್ತಿಗಂಟು ತೊಡೆಯ ಮೇಲಿಟ್ಟುಕೊಂಡು ಕುಕ್ಕರಗಾಲಲ್ಲಿ ಕೂತರಾಯಿತು.

ಒಂದು ವ್ಯತ್ಯಾಸವಿದೆ, ಅದು ಸಣ್ಣದಲ್ಲ. ನಮ್ಮವರು ದಾಟಿದ್ದು ಹೊಲಕ್ಕೆ, ಸಂತೆಗೆ, ಗಾಣಗಾಪುರದ ಜಾತ್ರೆಗೆ. ಆಚೆ ದಂಡೆ ಎಂಬುದೊಂದು ಇತ್ತು. ನಮ್ಮ ಹುಡುಗ ಹೊರಟಲ್ಲಿಗೇ ವಾಪಸ್ ಬರುತ್ತಾನೆ. ಸುಮ್ನೆ ನೀರಿನ ಮೇಲೆ ಇರುವುದಕ್ಕೆ ದುಡ್ಡು. ನನಗಂತೂ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಕಲಬುರಗಿಯ ಮೇ ತಿಂಗಳಲ್ಲಿ ಕೂತವನಿಗೆ ಹೇಗೆ ಕಾಣುತ್ತದೆ ಹೇಳಿ.

ಆದರೆ ಅಲ್ಲೂ ಭಾನುವಾರ ಒಂದೇ. ರಜೆ ಬಂತೆಂದರೆ ಎಲ್ಲರಿಗೂ ಅದೇ ಬೋಟು ಬೇಕು. ತಿಂಗಳ ಮುಂಚೆಯೇ ನೋಡಿಕೊಳ್ಳದಿದ್ದರೆ ಬುಧವಾರ ಮಧ್ಯಾಹ್ನವೇ ಗತಿ. ಆಫೀಸಿಗೆ ಹೋಗುವವನಿಗೆ ಬುಧವಾರದ ಸಮುದ್ರ ಇದ್ದರೆಷ್ಟು, ಬಿಟ್ಟರೆಷ್ಟು? ಸ್ವಂತ ಬೋಟಿನವನಿಗೆ ಈ ಕಾಟ ಇಲ್ಲ. ಟೋಪಿ, ಗಾಳ, ಉಪ್ಪಿನಕಾಯಿ ಬಾಟಲಿ ಎಲ್ಲ ಒಳಗೇ ಬಿಟ್ಟು ಬರಬಹುದು. ಜಾಸ್ತಿ ದಿನ ನೀರಲ್ಲೇ ಇರುವವರು ಕೊಂಡುಕೊಳ್ಳುವುದೇ ಛಲೋ ಅನಿಸುತ್ತದೆ.

ನಮ್ಮ ಅಕ್ಕ ಮಾತ್ರ ಇದ್ಯಾವುದನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಫೋನಿನ ಕಡೆ ತಿರುಗಿ, "ಹೋಗದ ತಿಂಗಳಕ್ಕೂ ರೊಕ್ಕ ಕೊಡಬೇಕೇನೋ?" ಅಂದಳು.

"ಹೂಂ ಅವ್ವಾ."

"ಮತ್ತ ಯಾಕ ಬೇಕದು?"

ಬ್ಯಾಸಗಿಯಲ್ಲಿ ಭೀಮಾ ಬತ್ತಿ ಜನ ಉಸುಕಿನಲ್ಲಿ ನಡೆದೇ ದಾಟುತ್ತಿದ್ದರೂ ಅಂಬಿಗನ ಜೋಳದಲ್ಲಿ ಒಂದು ಸೇರೂ ಕಡಿಮೆಯಾಗುತ್ತಿರಲಿಲ್ಲ ಎಂದು ನಾನು ಹುಡುಗನ ಪರ ವಹಿಸಿದೆ. ಅವನು ಗೆದ್ದೆ ಎನ್ನುವವನ ಹಾಗೆ ನಕ್ಕ. "ಇದನ್ನ ಸ್ವಲ್ಪ ಜೋರಾಗಿ ಹೇಳ್ರಿ ಮಾಮಾ, ಇಲ್ಲಿ ನಿಮ್ಮ ಸೊಸಿನೂ ಕೇಳ್ಲಿ."