ಅಮ್ಮನ ಚಿತ್ರದಲ್ಲಿ ಅಮ್ಮನೇ ಇರಲಿ

ಷಷ್ಟಿಪೂರ್ತಿಗೋ ಗೃಹಪ್ರವೇಶಕ್ಕೋ ಅಪ್ಪ-ಅಮ್ಮನ ಭಾವಚಿತ್ರ ಬರೆದು ಕೊಡುವುದು ಈಗ ಸಾಕಷ್ಟು ಕಡೆ ಕಾಣಿಸುತ್ತಿದೆ. ಒಳ್ಳೆಯದೇ. ಆದರೆ ಹೀಗೆ ಕೊಟ್ಟ ಎಷ್ಟೋ ಚಿತ್ರಗಳಿಗೆ "ಚೆನ್ನಾಗಿದೆ, ಆದ್ರೆ ಯಾಕೋ ಅಮ್ಮನ ಥರ ಇಲ್ಲ" ಅನ್ನೋ ಮಾತು ತಪ್ಪುವುದಿಲ್ಲ. ಬರೆದವರು ತಮ್ಮ ಕೈ ಇನ್ನೂ ಪಳಗಿಲ್ಲ ಎಂದು ನೊಂದುಕೊಳ್ಳುತ್ತಾರೆ. ಕೈಯ ತಪ್ಪು ಇರುವುದು ಕಡಿಮೆ. ಆಯ್ದ ಫೋಟೋ ಕೆಟ್ಟದಾಗಿರುತ್ತದೆ, ಇಲ್ಲವೇ ಅವರನ್ನು ಇದ್ದದ್ದಕ್ಕಿಂತ ಚಂದ ಮಾಡುವ ಚಪಲ ಕೆಲಸ ಮಾಡಿರುತ್ತದೆ. ನನ್ನ ಪ್ರಕಾರ ಎರಡನೆಯದೇ ಹೆಚ್ಚು ಚಿತ್ರಗಳನ್ನು ಹಾಳು ಮಾಡುವುದು.

ಮೊದಲು ಫೋಟೋ ವಿಷಯ. ಫೋನನ್ನು ಮುಖದಿಂದ ಎರಡಡಿ ದೂರದಲ್ಲಿ ಹಿಡಿದು ತೆಗೆದರೆ ಮೂಗು ಉಬ್ಬುತ್ತದೆ, ಕಿವಿ ಹಿಂದಕ್ಕೆ ಸರಿಯುತ್ತದೆ. ಚಿಕ್ಕ ಪರದೆಯಲ್ಲಿ ಅದು ಗೊತ್ತಾಗುವುದಿಲ್ಲ, ಕ್ಯಾನ್ವಾಸಿಗೆ ಬಂದ ಮೇಲೆ ಕಣ್ಣಿಗೆ ಹೊಡೆಯುತ್ತದೆ. ಆರೇಳು ಅಡಿ ಹಿಂದೆ ನಿಂತು, ಜೂಮ್ ಎರಡಕ್ಕಿಟ್ಟು, ಕ್ಯಾಮೆರಾವನ್ನು ಅವರ ಕಣ್ಣಿನ ಮಟ್ಟಕ್ಕೆ ಹಿಡಿದು ತೆಗೆಯಿರಿ. ಫ್ಲ್ಯಾಶ್ ಬೇಡವೇ ಬೇಡ, ಮುಖದ ಏರುತಗ್ಗನ್ನೆಲ್ಲ ಅದು ಒರೆಸಿಬಿಡುತ್ತದೆ. ಪಕ್ಕದಲ್ಲಿ ಒಂದು ಕಿಟಕಿ ಇರಲಿ, ಒಂದು ಕೆನ್ನೆ ಬೆಳಕಿಗೆ, ಇನ್ನೊಂದು ಅರೆನೆರಳಿಗೆ. ಆಗ ಟ್ಯೂಬ್‌ಲೈಟ್ ಆಫ್ ಮಾಡಿ. ಎರಡು ಥರದ ಬೆಳಕು ಬೆರೆತರೆ ಚರ್ಮದ ನಿಜವಾದ ಬಣ್ಣ ಯಾವುದೆಂದೇ ತಿಳಿಯದು. ಚರ್ಮವನ್ನು ತಾನಾಗಿ ನುಣುಪು ಮಾಡುವ ಬ್ಯೂಟಿ ಮೋಡ್ ಆಫ್ ಆಗಿದೆಯೇ ಎಂದೂ ನೋಡಿಕೊಳ್ಳಿ. ಕಲಾವಿದರಿಂದ ಬರೆಸುವುದಾದರೆ ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಆಗಿ ಕಳಿಸದೆ ಡಾಕ್ಯುಮೆಂಟ್ ಆಗಿ ಕಳಿಸಿ. ಇಲ್ಲದಿದ್ದರೆ ಫೈಲ್ ಕುಗ್ಗಿ, ಕಣ್ಣಿನ ಸುತ್ತಲಿನ ಸೂಕ್ಷ್ಮವೆಲ್ಲ ಹೋಗಿರುತ್ತದೆ.

ಒಂದೇ ಕಡೆಯ ಬೆಳಕು ಏನು ಮಾಡಬಲ್ಲದು ಎಂದು ನೋಡಬೇಕಿದ್ದರೆ ಮೈಸೂರಿನ ಜಗನ್ಮೋಹನ ಅರಮನೆಗೆ ಹೋಗಿ, ದೀಪ ಹಿಡಿದ ಹೆಣ್ಣಿನ ಚಿತ್ರದ ಮುಂದೆ ನಿಲ್ಲಿ. ಅದನ್ನು ರವಿವರ್ಮನದು ಎಂದು ಹೇಳುವವರು ಇವತ್ತಿಗೂ ಇದ್ದಾರೆ. ಬರೆದವರು ಎಸ್. ಎಲ್. ಹಳದಣಕರ್, 1940ರ ದಶಕದಲ್ಲಿ. ದೀಪ ಹಿಡಿದು ನಿಂತವಳು ಅವರ ಮಗಳೇ. ಅದೂ ವಾಟರ್ ಕಲರ್‌ನಲ್ಲಿ, ಅಂದರೆ ತಪ್ಪಿದರೆ ತಿದ್ದಲು ಬಹಳ ಜಾಗವಿಲ್ಲದ ಮಾಧ್ಯಮದಲ್ಲಿ. ಅಲ್ಲಿ ಮುಖವನ್ನು ಕಟ್ಟಿರುವುದು ರೆಪ್ಪೆ ಹುಬ್ಬುಗಳ ಗೆರೆಯಲ್ಲ, ಬೆಳಕು ಎಲ್ಲಿಗೆ ನಿಲ್ಲುತ್ತದೆ ಎಂಬ ಲೆಕ್ಕ.

ಸೆಲ್ಫಿಯಿಂದ ಬರೆಯುವವರಿಗೆ ಇನ್ನೊಂದು ಗುಂಡಿ ಕಾದಿರುತ್ತದೆ. ಕೆಲವು ಫೋನ್‌ಗಳು ಸೆಲ್ಫಿಯನ್ನು ಕನ್ನಡಿಯಲ್ಲಿ ಕಂಡಂತೆ ತಿರುವಿಯೇ ಉಳಿಸುತ್ತವೆ. ಸೆರಗು ಬಲ ಭುಜದ ಮೇಲೆ ಬಂದಿದ್ದರೆ, ಅಪ್ಪನ ಅಂಗಿಯ ಗುಂಡಿಪಟ್ಟಿ ಎಡಬಲವಾಗಿದ್ದರೆ ಫೋಟೋ ತಿರುಗಿದೆ ಎಂದೇ ಅರ್ಥ. (ಕೊಡವ ಸೀರೆಯ ಮಾತು ಬೇರೆ, ಅಲ್ಲಿ ಸೆರಗು ಬಲ ಭುಜಕ್ಕೇ ಬರುವುದು.) ಮೂಗುಬೊಟ್ಟು, ಮಚ್ಚೆ, ಬೈತಲೆ ಯಾವ ಕಡೆ ಎಂದು ಮನೆಯವರನ್ನು ಕೇಳಿ ಬರೆದಿಟ್ಟುಕೊಳ್ಳಿ. ಅಮ್ಮನಿಗೆ ತನ್ನ ಮುಖ ಪರಿಚಯವಿರುವುದು ಕನ್ನಡಿಯಲ್ಲಿ, ಹಾಗಾಗಿ ತಿರುಗಿದ ಚಿತ್ರ ಅವರಿಗೆ ಸರಿಯಾಗಿಯೇ ಕಾಣುತ್ತದೆ. ಮಕ್ಕಳಿಗೆ, ಗಂಡನಿಗೆ ಏನೋ ತಪ್ಪಿದೆ ಅನ್ನಿಸುತ್ತಿರುತ್ತದೆ. ಎಲ್ಲಿ ಅಂತ ಹೇಳಲು ಬರುವುದಿಲ್ಲ.

ಇನ್ನು, ತೀರಿಕೊಂಡ ಅಜ್ಜನನ್ನು ಅಜ್ಜಿಯ ಪಕ್ಕ ಕೂರಿಸಿ ಕೊಡಿ ಎಂಬ ಬೇಡಿಕೆ. ಇದು ತುಂಬ ಬರುವ ಬೇಡಿಕೆ, ತುಂಬ ಕೆಡುವ ಕೆಲಸ ಕೂಡ. ಅಜ್ಜನ ಸ್ಟುಡಿಯೋ ಫೋಟೋದಲ್ಲಿ ಬೆಳಕು ಎಡದಿಂದ, ಅಜ್ಜಿಯ ಫೋನ್ ಫೋಟೋದಲ್ಲಿ ಬಲದಿಂದ. ಒಂದನ್ನು ತಿರುವಿದರೆ ಬೆಳಕೇನೋ ಹೊಂದುತ್ತದೆ, ಮಚ್ಚೆ ಮತ್ತು ಬೈತಲೆ ಅದಲುಬದಲಾಗುತ್ತವೆ. ತಿರುವಿದರೆ ಅವೆರಡನ್ನೂ ಕೈಯಲ್ಲಿ ವಾಪಸ್ ಸರಿಪಡಿಸಲೇಬೇಕು. ಅಜ್ಜಿ ಬದುಕಿದ್ದರೆ ಸುಲಭದ ದಾರಿಯಿದೆ: ಅಜ್ಜನ ಫೋಟೋದ ಬೆಳಕನ್ನು ಮೊದಲು ಓದಿಕೊಂಡು, ಅದೇ ದಿಕ್ಕಿನ ಕಿಟಕಿಯ ಪಕ್ಕ, ಅದೇ ಎತ್ತರದಿಂದ ಅಜ್ಜಿಯ ಹೊಸ ಫೋಟೋ ತೆಗೆಯುವುದು. ಹಳೆಯ ಫೋಟೋವನ್ನು 600 ಡಿಪಿಐಯಲ್ಲಿ (ಇಂಚಿಗೆ 600 ಚುಕ್ಕೆ) ಸ್ಕ್ಯಾನ್ ಮಾಡಿಸಿ. ಅದು ಫ್ರೇಮಿನ ಗಾಜಿಗೆ ಅಂಟಿಕೊಂಡಿದ್ದರೆ ಎಳೆಯಬೇಡಿ, ಮೇಲ್ಪದರ ಗಾಜಿನಲ್ಲೇ ಉಳಿದುಬಿಡುತ್ತದೆ. ಗಾಜಿನ ಸಮೇತ ಸ್ಕ್ಯಾನ್ ಮಾಡಿಸಿದರೂ ಸಾಕು.

ಅಳತೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಂದು ಮುಖಕ್ಕೆ 12x16 ಇಂಚು, ದಂಪತಿಗೆ 18x24. ಎರಡೂ 3:4 ಅನುಪಾತ. ಹೆಚ್ಚಿನ ಫೋನ್ ಫೋಟೋಗಳದೂ ಅದೇ ಆದ್ದರಿಂದ ಕತ್ತರಿಸುವ ಗೋಜಿಲ್ಲ. ಒಂದೊಂದೇ ಚೌಕ ನೋಡಿ ಮುಖವನ್ನು ಕ್ಯಾನ್ವಾಸಿಗೆ ಇಳಿಸಲು, ಫೋಟೋವನ್ನು 6x8ಕ್ಕೆ ಪ್ರಿಂಟ್ ಹಾಕಿಸಿ ಅರ್ಧ ಇಂಚಿನ ಚೌಕ ಎಳೆಯಿರಿ, 12x16ರ ಕ್ಯಾನ್ವಾಸಿನ ಮೇಲೆ ಒಂದು ಇಂಚಿನ ಚೌಕ. ಅಡ್ಡ ಹನ್ನೆರಡು, ಉದ್ದ ಹದಿನಾರು, ಎರಡೂ ಕಡೆ ಸರಿಹೊಂದುತ್ತವೆ. ಪೆನ್ಸಿಲ್ಲಿನ ಕಪ್ಪು ಗೆರೆ ತೆಳು ಆಯಿಲ್ ಬಣ್ಣದ ಅಡಿಯಿಂದ ಇಣುಕುತ್ತದೆ, ಅದರ ಬದಲು ಚಾರ್ಕೋಲಿನಲ್ಲಿ ಹಗುರಾಗಿ ಎಳೆದು ಕೊಡವಿಬಿಡಿ. ತಲೆ ಕನಿಷ್ಠ ನಾಲ್ಕು ಇಂಚು ಎತ್ತರವಿರಲಿ. ಆರು ಜನರ ಕುಟುಂಬವನ್ನು ಚಿಕ್ಕ ಕ್ಯಾನ್ವಾಸಿಗೆ ತುರುಕಿದರೆ ಒಂದೊಂದು ಮುಖಕ್ಕೆ ಎರಡು ಇಂಚು ಸಿಗುತ್ತದೆ. ಅಷ್ಟರಲ್ಲಿ ತುಟಿಯ ಅಂಚು ಕೂದಲೆಳೆಯಷ್ಟು ಜಾರಿದರೂ ಬೇರೆ ಯಾರೋ ಆಗಿಬಿಡುತ್ತಾರೆ.

ಈಗ ಚರ್ಮದ ಬಣ್ಣ. "ಸ್ವಲ್ಪ ಬೆಳ್ಳಗೆ ಮಾಡಿ" ಎನ್ನುವವರಿಗೆ ಇಲ್ಲ ಎನ್ನಲು ಕಲಿಯಿರಿ. ಅದು ಬರೀ ನೀತಿಯ ಮಾತಲ್ಲ, ಕಸುಬಿನ ಮಾತು. ಬೆಳ್ಳಗೆ ಮಾಡಲು ಎಲ್ಲ ಕಡೆ ಬಿಳಿ ಬೆರೆಸಬೇಕು. ಬಿಳಿ ಹೆಚ್ಚಾದಷ್ಟೂ ಬಣ್ಣದ ಬಿಸುಪು ಇಳಿದು ಮುಖ ಸುಣ್ಣ ಬಳಿದ ಗೋಡೆಯಂತೆ ಆಗುತ್ತದೆ. ಬೆಳಕು-ನೆರಳಿನ ಅಂತರ ಕುಗ್ಗುವುದರಿಂದ ಕೆನ್ನೆಮೂಳೆ, ದವಡೆ ಚಪ್ಪಟೆಯಾಗುತ್ತವೆ. ಅಮ್ಮನ ಮುಖದ ಆಕಾರ ಇದ್ದದ್ದೇ ಆ ಅಂತರದಲ್ಲಿ. ನಮ್ಮ ಕಡೆಯ ಮೈಬಣ್ಣಗಳಿಗೆ ಯೆಲ್ಲೊ ಓಕರ್, ಬರ್ಂಟ್ ಸಿಯೆನ್ನಾ, ಬರ್ಂಟ್ ಅಂಬರ್, ಕ್ರಿಮ್ಸನ್, ಅಲ್ಟ್ರಾಮರೀನ್ ಬ್ಲೂ, ಟೈಟಾನಿಯಂ ವೈಟ್, ಈ ಆರು ಸಾಕು. "ಸ್ಕಿನ್ ಕಲರ್" ಎಂದು ಮಾರುವ ಟ್ಯೂಬು ಹೆಚ್ಚಾಗಿ ತೆಳು ಗುಲಾಬಿ, ಇಲ್ಲಿಯ ಮುಖಗಳಿಗೆ ಅದು ಉಪಯೋಗಕ್ಕಿಲ್ಲ. ಮಧ್ಯಮ ಛಾಯೆಗೆ ಓಕರ್ ಮತ್ತು ಸಿಯೆನ್ನಾವನ್ನು ಸಮಸಮ ತೆಗೆದುಕೊಂಡು ಬಿಳಿಯನ್ನು ಚೂರುಚೂರೇ ಸೇರಿಸಿ. ನೆರಳಿಗೆ ಕಪ್ಪು ಬೇಡ, ಓಕರ್ ಜತೆ ಸೇರಿ ಅದು ಪಾಚಿ ಹಸಿರಾಗುತ್ತದೆ. ಅಂಬರ್‌ಗೆ ಅಲ್ಟ್ರಾಮರೀನ್, ತುಸು ಕ್ರಿಮ್ಸನ್ ಬೆರೆಸಿದರೆ ಜೀವವಿರುವ ನೆರಳು ಬರುತ್ತದೆ. ಮುಖವೆಲ್ಲ ಒಂದೇ ಬಣ್ಣವೂ ಅಲ್ಲ: ಹಣೆ ತುಸು ಹಳದಿಗೆ, ಮೂಗು-ಕೆನ್ನೆ-ಕಿವಿ ಕೆಂಪಿಗೆ, ಗಂಡಸರ ದವಡೆ ಗಡ್ಡದ ಛಾಯೆಯಿಂದ ನೀಲಿಗೆ ವಾಲುತ್ತವೆ. ಕಪ್ಪು ಮೈಬಣ್ಣದವರ ಹಣೆ, ಮೂಗಿನ ತುದಿಯ ಹೊಳಪಿನಲ್ಲಿ ಕಿಟಕಿಯ ನೀಲಿ ಸ್ಪಷ್ಟವಾಗಿ ಕಾಣುತ್ತದೆ. ಅದನ್ನು ಬರೀ ಬಿಳಿ ಚುಕ್ಕೆಯಿಂದ ತೋರಿಸಿದರೆ ಎಣ್ಣೆ ಹಚ್ಚಿದಂತೆ ಕಾಣುತ್ತದೆ.

ಸುಕ್ಕು ಅಳಿಸುವುದೂ ಇದೇ ಜಾತಿಯ ತಪ್ಪು. ಹಾಗೆಂದು ಪ್ರತಿಯೊಂದು ಸುಕ್ಕನ್ನೂ ಗೆರೆಯಾಗಿ ಎಳೆದರೆ ಅರವತ್ತು ಎಂಬತ್ತಾಗುತ್ತದೆ. ಸುಕ್ಕು ಒಂದು ಚಿಕ್ಕ ತಗ್ಗು, ಅದರ ಒಂದು ಅಂಚು ಗಡುಸು, ಇನ್ನೊಂದು ಅಂಚು ಮೆತ್ತಗೆ ಕರಗುತ್ತದೆ. ಹಾಗೆ ಬರೆದರೆ ವಯಸ್ಸೂ ಉಳಿಯುತ್ತದೆ, ಮುಖವೂ ಉಳಿಯುತ್ತದೆ. ಹಲ್ಲುಗಳ ನಡುವೆ ಗೆರೆ ಎಳೆಯಬೇಡಿ, ಸಾಲಾಗಿ ಒಂದೇ ತೆಳು ಬೂದು ಆಕಾರ ಸಾಕು. ಕಣ್ಣಿನ ಬಿಳಿ ಬಿಳಿಯಲ್ಲ, ರೆಪ್ಪೆಯ ನೆರಳು ಬಿದ್ದ ಬೂದು. ಕನ್ನಡಕ ಇದ್ದರೆ ಒಂದು ಸಂಗತಿ ಗಮನಿಸಿ. ಮೈನಸ್ ಪವರ್ ಇರುವವರ ಗಾಜಿನೊಳಗೆ ಕಾಣುವ ಕೆನ್ನೆಯ ಅಂಚು ಹೊರಗಿನ ಅಂಚಿಗಿಂತ ಒಳಕ್ಕೆ ಸರಿದಿರುತ್ತದೆ. ಅದನ್ನು ಬಿಟ್ಟರೆ ಗಾಜಿಲ್ಲದ ಬರೀ ಕಟ್ಟು ಹಾಕಿಕೊಂಡಂತೆ ಕಾಣುತ್ತಾರೆ. ಹೋಲಿಕೆ ತಪ್ಪಿದೆ ಅನ್ನಿಸಿದಾಗ ಕಣ್ಣನ್ನೇ ತಿದ್ದುತ್ತಾ ಕೂರಬೇಡಿ. ಚಿತ್ರ, ಫೋಟೋ ಎರಡನ್ನೂ ತಲೆಕೆಳಗು ಮಾಡಿ ಮೂಗಿನ ಬುಡದಿಂದ ಮೇಲ್ದುಟಿಯವರೆಗಿನ ದೂರ ಅಳೆಯಿರಿ, ತಪ್ಪು ಬಹಳ ಸಲ ಅಲ್ಲೇ ಸಿಗುತ್ತದೆ.

ಇನ್ನು ಮಾಧ್ಯಮದ ವಿಷಯ. ಹೊಸಬರಿಗೆ ನೀರು ಬೆರೆಸಿ ಬಳಸುವ ಅಕ್ರಿಲಿಕ್ ಸುಲಭ ಎನ್ನುತ್ತಾರೆ. ಮುಖಕ್ಕೆ ನಾನು ಒಪ್ಪುವುದಿಲ್ಲ. ಅದು ನಿಮಿಷಗಳಲ್ಲಿ ಒಣಗುತ್ತದೆ, ಒಣಗಿದ ಮೇಲೆ ಒಂದು ಛಾಯೆ ಕಪ್ಪಾಗುತ್ತದೆ, ನಿನ್ನೆಯ ಕೆನ್ನೆಗೆ ಇವತ್ತಿನ ಬಣ್ಣ ಕೂಡುವುದಿಲ್ಲ. ಆಯಿಲ್ ನಿಧಾನ, ಆದರೆ ಕೆನ್ನೆಯ ತಿರುವನ್ನು ಕರಗಿಸಲು ಸಮಯ ಕೊಡುತ್ತದೆ. ಕೆಳಗಿನ ಪದರಕ್ಕೆ ಟರ್ಪೆಂಟೈನ್ ಬೆರೆಸಿದ ತೆಳು ಬಣ್ಣ, ಮೇಲುಮೇಲಕ್ಕೆ ಹೋದಂತೆ ಲಿನ್ಸೀಡ್ ಎಣ್ಣೆ ಹೆಚ್ಚು. ಇದು ಉಲ್ಟಾ ಆದರೆ ಮೇಲಿನದು ಮೊದಲು ಒಣಗಿ, ಕೆಳಗಿನದು ಅಲುಗಾಡಿ, ಬಿರುಕು ಬಿಡುತ್ತದೆ. ಮಳೆಗಾಲದಲ್ಲಿ ಕರಾವಳಿ, ಮಲೆನಾಡಿನವರು ಒಣಗಲು ಇನ್ನಷ್ಟು ದಿನ ಇಟ್ಟುಕೊಳ್ಳಿ. ಒಟ್ಟಾರೆ ಸಮಾರಂಭಕ್ಕೆ ಎರಡು ತಿಂಗಳು ಮೊದಲೇ ಶುರು ಮಾಡುವುದು ಕ್ಷೇಮ.

ಬದುಕಿರುವವರ ಚಿತ್ರವನ್ನು ನೇರ ಮುಖ, ಖಾಲಿ ನೀಲಿ ಹಿನ್ನೆಲೆಯಲ್ಲಿ ಬರೆಯಬೇಡಿ. ನಮ್ಮ ಮನೆಗಳಲ್ಲಿ ಆ ಭಂಗಿ ಗಂಧದ ಹಾರ ಹಾಕಿದ ಫೋಟೋಗಳದು. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಚಿತ್ರ ಮಾತ್ರ ಹಾಲ್‌ನಿಂದ ಒಳಕೋಣೆಗೆ ಹೋಗುತ್ತದೆ. ಮುಖ ತುಸು ಪಕ್ಕಕ್ಕೆ ತಿರುಗಿರಲಿ, ಹಿಂದೆ ಅವರು ದಿನಾ ಕೂರುವ ಜಗಲಿಯೋ ಹಿತ್ತಿಲೋ ಇರಲಿ. ತೀರಿಕೊಂಡವರ ಚಿತ್ರವಾದರೆ ಬೇರೆ ಪ್ರಶ್ನೆಗಳಿವೆ. ಗಂಡ ಹೋದ ಮೇಲೆ ವರ್ಷಗಟ್ಟಲೆ ಬದುಕಿದ್ದ ಅಜ್ಜಿಯ ಹಣೆಗೆ ಕುಂಕುಮ ಇಡಬೇಕೇ? ನೀವು ತೀರ್ಮಾನಿಸಬೇಡಿ, ಅವರ ಮಕ್ಕಳನ್ನೆಲ್ಲ ಕೇಳಿ, ಒಬ್ಬರನ್ನೇ ಅಲ್ಲ. ಮತ್ತೆ, ತಿಥಿಯ ದಿನ ಆ ಚಿತ್ರದ ಹಣೆಗೆ ಯಾರಾದರೂ ಗಂಧ ಕುಂಕುಮ ಹಚ್ಚಿಯೇ ಹಚ್ಚುತ್ತಾರೆ. ಆಯಿಲ್ ಚಿತ್ರಕ್ಕೆ ಗಾಜು ಹಾಕುವ ವಾಡಿಕೆ ಇಲ್ಲದಿದ್ದರೂ ಇಲ್ಲಿ ಹಾಕಿಸಿ, ಗಾಜು ಬಣ್ಣಕ್ಕೆ ತಾಗದಂತೆ ಕಾಲು ಇಂಚು ಅಂತರ ಬಿಡಲು ಫ್ರೇಮ್ ಅಂಗಡಿಯವರಿಗೆ ಹೇಳಿ.

ಆಯಿಲ್ ಚಿತ್ರಕ್ಕೆ ಕೊನೆಯ ವಾರ್ನಿಶ್ ಹಾಕುವುದು ಆರು ತಿಂಗಳಾದ ಮೇಲೆ. ಉಡುಗೊರೆಯ ಗಡಿಬಿಡಿಯಲ್ಲಿ ಮೊದಲೇ ಬಳಿದರೆ ಕೆಳಗಿನ ಬಣ್ಣ ಪೂರ್ತಿ ಒಣಗದೆ ಮೇಲ್ಮೈ ಅಂಟಂಟಾಗಿ ಧೂಳು ಹಿಡಿಯುತ್ತದೆ. ಹಿಂಬದಿಯಲ್ಲಿ ಚಿತ್ರದಲ್ಲಿರುವವರ ಹೆಸರು, ಬರೆದ ತಿಂಗಳು, ಬಳಸಿದ ಬಣ್ಣ, "ವಾರ್ನಿಶ್ ಬಾಕಿ" ಎಂದು ಒಂದು ಚೀಟಿಯಲ್ಲಿ ಬರೆದು ಫ್ರೇಮಿನ ಮರಕ್ಕೆ ಅಂಟಿಸಿ. ತೇವ ಹೀರುವ ಹೊರಗೋಡೆಯಾದರೆ ಫ್ರೇಮಿನ ಕೆಳಮೂಲೆಗಳಿಗೆ ಎರಡು ಕಾರ್ಕ್ ತುಂಡು ಅಂಟಿಸಿ ಗಾಳಿಯಾಡಲು ಬಿಡಿ, ಇಲ್ಲದಿದ್ದರೆ ಎರಡನೇ ಮಳೆಗಾಲಕ್ಕೆ ಕ್ಯಾನ್ವಾಸಿನ ಹಿಂದೆ ಬೂಷ್ಟು ಹಿಡಿಯುತ್ತದೆ.